ಈಜಿದರೆ ಏನು ಸಿಗುತ್ತೆ?



ಈ ಸಲ ಟಪಾಲಿನಲ್ಲಿ ಬಂದ ಒಂದು ಕಾಗದ ನನ್ನನ್ನು ಎರಡು ದಿನ ಕಾಡಿತು. ಬರೆದಾಕೆ ನಿಮ್ಮಂತೆಯೇ ಗೃಹಿಣಿ. ಅವರ ತಂಗಿಯ ಸಂಸಾರ ಅಮೆರಿಕದಲ್ಲಿದೆ. ತಂಗಿಯ ಮಗಳು ಒಹಾಯೊ ರಾಜ್ಯದ ಒಂದು ಚಿಕ್ಕ ಕಾಲೇಜು ಸೇರಿ, ಕಾಲೇಜಿನ ಈಜು ತಂಡಕ್ಕೆ ಆಯ್ಕೆಯಾಗಿದ್ದಾಳೆ. ಬೆಳಗಾಗುವ ಮುಂಚೆ ನೀರಿಗಿಳಿಯಬೇಕು, ಸಂಜೆ ಮತ್ತೆ ಅಭ್ಯಾಸ. "ಇಷ್ಟೆಲ್ಲ ಮಾಡಿದರೂ ಫೀಜಿನಲ್ಲಿ ಒಂದು ಕಾಸೂ ಬಿಡೋದಿಲ್ಲವಂತೆ. ಆಟಗಾರರಿಗೆ ಅಲ್ಲಿ ಪುಕ್ಕಟೆ ಓದು ಅಂತ ಕೇಳಿದ್ದೆವಲ್ಲ! ತಂಗಿಯ ಯಜಮಾನರು ಈಜು ಬಿಡಿಸಲೇಬೇಕು ಅಂತ ಹಟ ಹಿಡಿದಿದ್ದಾರೆ. ಏನು ಹೇಳಲಿ, ಅಕ್ಕಾ?" ಅಂತ ಕೇಳಿದ್ದಾರೆ.

ಮೊದಲು ಸಂಗತಿ ತಿಳಿದುಕೊಳ್ಳೋಣ. ಆಟಕ್ಕೆಂದೇ ವಿದ್ಯಾರ್ಥಿವೇತನ ಕೊಡೋದು ಹೆಚ್ಚಾಗಿ ದೊಡ್ಡ ವಿಶ್ವವಿದ್ಯಾಲಯಗಳು. ಸಾಹಿತ್ಯ, ಇತಿಹಾಸ, ವಿಜ್ಞಾನ ಎಲ್ಲವನ್ನೂ ಕಲಿಸುವ ಚಿಕ್ಕ ಕಾಲೇಜುಗಳು ಬಹುಪಾಲು ಕ್ರೀಡೆಯ ಮೂರನೇ ವಿಭಾಗಕ್ಕೆ ಸೇರಿದವು. 1973ರಲ್ಲಿ ಆದ ವಿಂಗಡಣೆ ಇದು. ಇಲ್ಲಿ ಆಟದ ಕಾರಣಕ್ಕೆ ಹಣ ಕೊಡುವಂತಿಲ್ಲ. ಮನೆಯ ಸ್ಥಿತಿ ನೋಡಿ, ಓದು ನೋಡಿ ಕೊಡುವ ನೆರವು ಮಾತ್ರ ಆಟಗಾರರಿಗೂ ಉಂಟು. ಇದರಲ್ಲೊಂದು ಅನುಕೂಲವೂ ಇದೆ ನೋಡಿ: ಹುಡುಗಿ ನಾಳೆ ಈಜು ಬಿಟ್ಟರೂ ಆ ನೆರವು ತಪ್ಪೋದಿಲ್ಲ. ಅವಳು ಈಜುವುದು ಬರೀ ಇಷ್ಟದಿಂದ.

ಅದೇ ಒಹಾಯೊದ ಗ್ಯಾಂಬಿಯರ್ ಎಂಬ ಹಳ್ಳಿಯಲ್ಲಿ ಕೆನ್ಯನ್ ಕಾಲೇಜು ಇದೆ. 1824ರಲ್ಲಿ ಆರಂಭವಾದ ಈ ಕಾಲೇಜಿನಲ್ಲಿ 1969ರವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂಬ ಕಾನೂನು 1972ರಲ್ಲಿ ಬಂತು. ಆಟದ ಮೈದಾನಕ್ಕೂ ಅದು ಅನ್ವಯಿಸಿತು. ಮುಂದೆ 1984ರಿಂದ 2000ರವರೆಗೆ ಕೆನ್ಯನ್ ಹುಡುಗಿಯರು ತಮ್ಮ ವಿಭಾಗದ ರಾಷ್ಟ್ರೀಯ ಈಜು ಪ್ರಶಸ್ತಿಯನ್ನು ಸತತ 17 ಸಲ ಗೆದ್ದರು. ಹುಡುಗರು 1980ರಿಂದ 2010ರವರೆಗೆ ಸತತ 31 ಸಲ! 2011ರಲ್ಲಿ ಅದೇ ರಾಜ್ಯದ ಡೆನಿಸನ್ ತಂಡಕ್ಕೆ ಒಂದೇ ಒಂದು ಅಂಕದಿಂದ ಸೋತರು. ಇವರಲ್ಲಿ ಯಾರೂ ಕಾಸಿಗಾಗಿ ಈಜಿದವರಲ್ಲ.

ನನ್ನ ಕಥೆ ಹೇಳಲೇ? ಶಾಲೆಯಲ್ಲಿ ನಾನು ಓಟಕ್ಕೆ ಮುಂದು. ದೊಡ್ಡವಳಾದ ಮೇಲೆ "ಓಡಿದರೆ ಏನು ಸಿಗುತ್ತೆ?" ಅಂತ ಅಜ್ಜಿ ಬಿಡಿಸಿದರು. ಅವರ ಮೇಲೆ ಸಿಟ್ಟಿಲ್ಲ. ಆದರೆ ಈಗಲೂ ಆ ಮೈದಾನದ ಪಕ್ಕ ಹಾದು ಹೋಗುವಾಗ ಒಂದು ಗಳಿಗೆ ನಿಂತುಬಿಡುತ್ತೇನೆ.

ಆದ್ದರಿಂದ ತಾಯೀ, ನಿಮ್ಮ ತಂಗಿಗೆ ಹೀಗೆ ಬರೆಯಿರಿ. ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆಯೇ? ನಿದ್ದೆ ಸಾಲುತ್ತಿದೆಯೇ? ಭುಜ ನೋಯುತ್ತಿದೆಯೇ? ಇವನ್ನು ವಿಚಾರಿಸಲಿ. ತೊಂದರೆಯಿದ್ದರೆ ಕೋಚ್ ಹತ್ತಿರ ಮಾತಾಡಲು ಮಗಳಿಗೆ ಹೇಳಲಿ. ಯಾವ ತೊಂದರೆಯೂ ಇಲ್ಲವಾದರೆ ಲಾಭ ನಷ್ಟದ ಲೆಕ್ಕ ಬದಿಗಿಟ್ಟು, ಯಜಮಾನರನ್ನು ಒಂದು ಪಂದ್ಯ ನೋಡಲು ಕರೆದೊಯ್ಯಲಿ. ಮಗಳು ನೀರಿಂದ ಮೇಲೆ ಬರುವಾಗ ಅವಳ ಮುಖ ನೋಡಲಿ. ಏನು ಸಿಗುತ್ತೆ ಅನ್ನೋದು ಅಲ್ಲೇ ಕಾಣಿಸುತ್ತೆ.

ಈಜುವ ಮಕ್ಕಳಿಗೆ ಹಸಿವು ಜಾಸ್ತಿ. ಆ ಕಡೆ ಹೋಗುವವರಿದ್ದರೆ ಒಂದು ಡಬ್ಬ ಚಟ್ನಿಪುಡಿ ಕಳಿಸೋದು ಮರೀಬೇಡಿ.

ನಿಮ್ಮ ಅಕ್ಕ