ಹಳೆಯ ತಂತ್ರಾಂಶ, ಹೊಸ ತಪಾಸಣೆ

ಕಬ್ಬಿನ ತೂಕ, ನೂಲಿನ ದಾಸ್ತಾನು, ನೇಕಾರರ ಮಜೂರಿ, ಬೆಲ್ಲದ ಬಾಕಿ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ವ್ಯವಹಾರ ನಿಂತಿರುವುದು ಇಂತಹ ಲೆಕ್ಕಗಳ ಮೇಲೆ. ಇವುಗಳಿಗಾಗಿ ಹಿಂದೆಂದೋ ಫಾಕ್ಸ್‌ಪ್ರೊದಲ್ಲಿ ಬರೆಸಿದ ತಂತ್ರಾಂಶವನ್ನೇ ಇಂದಿಗೂ ನೆಚ್ಚಿಕೊಂಡಿರುವ ಉದ್ಯಮಿಗಳಿದ್ದಾರೆ. ಸಾಲ ಕೊಡುವ ಬ್ಯಾಂಕೋ, ಸರಕು ಕೊಳ್ಳುವ ದೊಡ್ಡ ಕಂಪನಿಯೋ ಗಣಕ ಸುರಕ್ಷತೆಯ ತಪಾಸಣೆ ಬಯಸಿದಾಗ ಇವರಿಗೆ ತೊಡಕು ಉಂಟಾಗುತ್ತದೆ. ತಪಾಸಕರ ಪ್ರಶ್ನಾವಳಿ ಸಿದ್ಧವಾಗಿರುವುದು ಎಲ್ಲರಿಗೂ ಪರಿಚಿತವಾದ ವ್ಯವಸ್ಥೆಗಳಿಗಾಗಿ. ನಮ್ಮ ತಂತ್ರಾಂಶದ ಹೆಸರೇ ಅದರಲ್ಲಿರುವುದಿಲ್ಲ.

ಆಗ ಕೆಲವರು ಎಲ್ಲದಕ್ಕೂ ‘ಹೌದು’ ಎಂದು ಬರೆದು ಸಹಿ ಹಾಕುತ್ತಾರೆ. ಕೆಲವರು ‘ಅನ್ವಯಿಸುವುದಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಎರಡೂ ಅಪಾಯಕರ. ನಾಳೆ ದತ್ತಾಂಶ ಹಾಳಾಗಿ ರೈತನ ಬಿಲ್ಲು, ನೇಕಾರನ ಮಜೂರಿ ವಿವಾದಕ್ಕೆ ಬಂದರೆ ಆ ಸಹಿಗೆ ಮಾಲೀಕನೇ ಹೊಣೆ.

ಪ್ರತಿಯೊಂದು ಪ್ರಶ್ನೆಯ ಉದ್ದೇಶವನ್ನು ತಪಾಸಕರಿಂದಲೇ ಕೇಳಿ ತಿಳಿದು, ಅದು ನಮ್ಮಲ್ಲಿ ಹೇಗೆ ಈಡೇರುತ್ತಿದೆ ಎಂಬುದನ್ನು ಪುರಾವೆಯೊಡನೆ ಬರೆದುಕೊಡುವುದೇ ಸರಿಯಾದ ಮಾರ್ಗ. ‘ತಯಾರಕರಿಂದ ಸುರಕ್ಷತಾ ಪರಿಷ್ಕರಣೆ ಬರುತ್ತಿದೆಯೇ?’ ಎಂಬ ಪ್ರಶ್ನೆಯನ್ನೇ ನೋಡಿರಿ. ಮೈಕ್ರೋಸಾಫ್ಟ್ ಕಂಪನಿಯು ವಿಷುಯಲ್ ಫಾಕ್ಸ್‌ಪ್ರೊಗೆ ನೀಡುತ್ತಿದ್ದ ಬೆಂಬಲ 2015ರ ಜನವರಿಯಲ್ಲಿ, ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. ಆದುದರಿಂದ ‘ಇಲ್ಲ’ ಎಂಬುದೇ ಸತ್ಯವಾದ ಉತ್ತರ. ಆದರೆ ಆ ಗಣಕಕ್ಕೆ ಅಂತರಜಾಲ ಸಂಪರ್ಕವಿಲ್ಲದಿದ್ದರೆ, ಪೆನ್‌ಡ್ರೈವ್ ಬಳಕೆಗೆ ನಿರ್ಬಂಧವಿದ್ದರೆ, ಪ್ರತಿ ಗುಮಾಸ್ತನಿಗೂ ಬೇರೆ ಪಾಸ್‌ವರ್ಡ್ ಇದ್ದರೆ, ದಿನದ ಬ್ಯಾಕಪ್ ಬೇರೊಂದು ಸ್ಥಳದಲ್ಲಿದ್ದು ಅದನ್ನು ಆಗಾಗ ತೆರೆದು ಪರೀಕ್ಷಿಸಿದ ದಾಖಲೆಯಿದ್ದರೆ, ಅವೆಲ್ಲವನ್ನೂ ಆ ‘ಇಲ್ಲ’ದ ಕೆಳಗೆ ಬರೆಯಬೇಕು. ಇಲ್ಲದಿದ್ದರೆ ಮೊದಲು ಮಾಡಬೇಕಾದ ಕೆಲಸಗಳೂ ಇವೇ.

ಎಷ್ಟೇ ವಿವರಣೆ ಕೊಟ್ಟರೂ ತೀರದ ಸಂಗತಿಯೂ ಒಂದುಂಟು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕಸಹಿತ ತಾನಾಗಿಯೇ ದಾಖಲಾಗಬೇಕು, ಆ ಸೌಲಭ್ಯವನ್ನು ಸ್ಥಗಿತಗೊಳಿಸಲು ಸಾಧ್ಯವಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಗಳಿಗೂ ಏಕಮಾಲೀಕತ್ವದ ಅಂಗಡಿಗಳಿಗೂ ಇದು ಅನ್ವಯಿಸದು. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಅನ್ವಯಿಸುತ್ತದೆ. ಅಂಥವರ ಹಳೆಯ ತಂತ್ರಾಂಶಕ್ಕೆ ಈ ಶಕ್ತಿಯಿಲ್ಲದಿದ್ದರೆ ಲೆಕ್ಕಪುಸ್ತಕಗಳನ್ನು ಹೊಸದಕ್ಕೆ ವರ್ಗಾಯಿಸದೆ ಗತ್ಯಂತರವಿಲ್ಲ.

ತಂತ್ರಾಂಶ ಬರೆದವರು ಊರು ಬಿಡುವ ಮುನ್ನವೇ ಅದರ ಮೂಲ ಸಂಕೇತವನ್ನೂ ಬಳಕೆಯ ವಿವರವನ್ನೂ ಲಿಖಿತವಾಗಿ ಪಡೆದುಕೊಳ್ಳಬೇಕು. ಒಂದೇ ತಂತ್ರಾಂಶ ಬಳಸುವ ಉದ್ಯಮಿಗಳು ಕೂಡಿ ಒಂದು ಸಾಮಾನ್ಯ ವಿವರಣಾ ಪತ್ರವನ್ನು ಸಿದ್ಧಪಡಿಸಿದರೆ ವೆಚ್ಚವೂ ಹಂಚಿಹೋಗುತ್ತದೆ. ಈ ಕಾರ್ಯಕ್ಕೆ ನಮ್ಮ ವಾಣಿಜ್ಯ ಸಂಸ್ಥೆಯೇ ಮುಂದಾಗಲಿ ಎಂಬುದು ನಮ್ಮ ಸಲಹೆ.