ಕೈಗಾರಿಕೆಗೆ ಭೂಮಿ: ಸ್ವಾಧೀನ ಬೇಡ, ಗುತ್ತಿಗೆ ಸಾಕು

ರೈತರ ಜಮೀನನ್ನು ಕೈಗಾರಿಕೆಗೆ ಪಡೆಯಲು ಕರ್ನಾಟಕ ಸರ್ಕಾರ ಬಳಸುವ ಮುಖ್ಯ ಅಸ್ತ್ರ 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆ. ಅದರ 28ನೇ ಸೆಕ್ಷನ್ ಅಡಿ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗಳ ವಿಚಾರಣೆ ನಡೆಯುತ್ತದೆ, ಕೊನೆಗೆ ಅಂತಿಮ ಅಧಿಸೂಚನೆ ಬರುತ್ತದೆ. ಆಮೇಲೆ ಜಮೀನು ಸರ್ಕಾರದ್ದು. ಅದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ಕಂಪನಿಗೆ ಹಂಚಿಕೆಯಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ರೈತನಿಗೆ ಅವಕಾಶವಿದೆ, ಕೊಡುವುದಿಲ್ಲ ಎನ್ನುವ ಹಕ್ಕಿಲ್ಲ. ಖಾಸಗಿ ಕಂಪನಿಗೆ ಭೂಮಿ ಪಡೆಯಬೇಕಾದರೆ ಶೇ 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಶೇ 70ರಷ್ಟು ಭೂಮಾಲೀಕರ ಒಪ್ಪಿಗೆ ಬೇಕು ಎನ್ನುತ್ತದೆ ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಅದು ಕೇಳುತ್ತದೆ. ಹಳೆಯ ರಾಜ್ಯ ಕಾಯ್ದೆಯ ದಾರಿ ಹಿಡಿದರೆ ಈ ಎರಡರ ಗೊಡವೆಯೂ ಇಲ್ಲ. ಸರ್ಕಾರಗಳು ಆ ದಾರಿಯನ್ನೇ ಹಿಡಿಯುತ್ತ ಬಂದಿರುವುದು ಆಶ್ಚರ್ಯವೇನಲ್ಲ.

ಇದರ ಫಲ ದೇವನಹಳ್ಳಿಯಲ್ಲಿ ಕಂಡಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಉದ್ಯಮಕ್ಕೆ ಪಡೆಯಲು ಹೊರಟ ಸರ್ಕಾರಕ್ಕೆ ಎದುರಾದದ್ದು ರಾಗಿ, ದ್ರಾಕ್ಷಿ, ತರಕಾರಿ, ಹೈನುಗಾರಿಕೆಯಿಂದ ಬದುಕು ಕಟ್ಟಿಕೊಂಡ ರೈತರು. ಮೂರು ವರ್ಷ ಮೀರಿದ ಧರಣಿಯ ನಂತರ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ತಕ್ಷಣವೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಏರೋಸ್ಪೇಸ್ ಕಂಪನಿಗಳನ್ನು ತಮ್ಮ ರಾಜ್ಯಕ್ಕೆ ಕರೆದರು. ಕರ್ನಾಟಕ ಉದ್ಯಮವನ್ನು ಕಳೆದುಕೊಳ್ಳುತ್ತಿದೆ ಎಂಬ ಗೋಳು ಅಲ್ಲಿಂದ ಶುರುವಾಯಿತು. ಆದರೆ ಒಪ್ಪಿಗೆಯಿಲ್ಲದ ಅಧಿಸೂಚನೆ ಹೊರಡಿಸಿ ಮೂರು ವರ್ಷ ಹಾಳು ಮಾಡಿದ್ದು ರೈತರಲ್ಲ. ಕಂಪನಿಗೆ ಬೇಕಾದುದು ತಕರಾರಿಲ್ಲದ ಜಮೀನು. ಒಪ್ಪಿಗೆ ಕೇಳದ ಕಾಯ್ದೆ ಕೊಡಲಾರದ್ದೂ ಅದನ್ನೇ.

ಬಳ್ಳಾರಿ ಜಿಲ್ಲೆಯ ಕಥೆ ಇನ್ನೂ ಕಹಿ. ಕುಡಿತಿನಿ ಸುತ್ತಮುತ್ತ 2010ರ ಆಸುಪಾಸಿನಲ್ಲಿ ಆರ್ಸೆಲರ್ ಮಿತ್ತಲ್, ಉತ್ತಮ್ ಗಾಲ್ವಾ ಮತ್ತು ಸಾರ್ವಜನಿಕ ವಲಯದ ಎನ್‌ಎಂಡಿಸಿಯ ಉಕ್ಕು ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಪಡೆಯಲಾಯಿತು. ಕಾರ್ಖಾನೆಗಳು ಏಳಲೇ ಇಲ್ಲ. ಜಮೀನೂ ಇಲ್ಲ, ಭರವಸೆ ಕೊಟ್ಟ ಉದ್ಯೋಗವೂ ಇಲ್ಲ ಎಂದು ರೈತರು 2022ರ ಡಿಸೆಂಬರ್‌ನಲ್ಲಿ ಧರಣಿಗೆ ಕುಳಿತರು. ಸ್ವಾಧೀನಪಡಿಸಿಕೊಂಡು 5 ವರ್ಷ ಬಳಸದೆ ಬಿಟ್ಟ ಜಮೀನು ಮೂಲ ಮಾಲೀಕರಿಗೋ ಸರ್ಕಾರದ ಭೂಬ್ಯಾಂಕಿಗೋ ಮರಳಬೇಕೆಂದು 2013ರ ಕಾಯ್ದೆಯಲ್ಲಿದೆ. ಆ ಆಸರೆ ಇವರಿಗೆ ಒದಗಲಿಲ್ಲ.

ಅದೇ ಜಿಲ್ಲೆಯ ತೋರಣಗಲ್ಲಿನಲ್ಲಿ ಜಿಂದಾಲ್ ಕಂಪನಿಯ ಉಕ್ಕು ಕಾರ್ಖಾನೆ ಎದ್ದಿತು, ಸಾವಿರಾರು ಜನರಿಗೆ ಕೆಲಸವನ್ನೂ ಕೊಟ್ಟಿತು, ಅದನ್ನು ಅಲ್ಲಗಳೆಯಬೇಕಿಲ್ಲ. ತಕರಾರು ಇರುವುದು 'ಲೀಸ್ ಕಮ್ ಸೇಲ್' ಎಂಬ ಕರಾರಿನ ಬಗ್ಗೆ. ಮೊದಲು ಗುತ್ತಿಗೆ, ಷರತ್ತು ಪೂರೈಸಿದರೆ ಶುದ್ಧ ಕ್ರಯ. ಈ ಲೆಕ್ಕದಲ್ಲಿ ಜಿಂದಾಲ್ ಕಂಪನಿಗೆ 3,667 ಎಕರೆ ಮಾರಲು ಎಚ್.ಡಿ. ಕುಮಾರಸ್ವಾಮಿ ಅವರ ಜೆಡಿಎಸ್-ಕಾಂಗ್ರೆಸ್ ಸಂಪುಟ 2019ರಲ್ಲಿ ನಿರ್ಧರಿಸಿತು. ಆಗ ಬೀದಿಗಿಳಿದು ವಿರೋಧಿಸಿದ ಬಿಜೆಪಿ ಅಧಿಕಾರಕ್ಕೆ ಬಂದು, 2021ರಲ್ಲಿ ತಾನೇ ಒಪ್ಪಿಗೆ ಕೊಟ್ಟು, ಗದ್ದಲವಾದಾಗ ತಡೆಹಿಡಿಯಿತು. ಕೊನೆಗೆ 2024ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸಂಪುಟ ಮಾರಾಟಕ್ಕೆ ಸಮ್ಮತಿಸಿತು. ಬೆಲೆ ಎಕರೆಗೆ ಒಂದು ಭಾಗಕ್ಕೆ ಸುಮಾರು 1.22 ಲಕ್ಷ, ಇನ್ನೊಂದಕ್ಕೆ ಸುಮಾರು 1.5 ಲಕ್ಷ ರೂಪಾಯಿ. ಹಳೆಯ ಕರಾರಿನಂತೆ ಇದು ಕಾನೂನುಬದ್ಧ ಎನ್ನುವುದು ಸರ್ಕಾರದ ಸಮರ್ಥನೆ. ಕಾನೂನುಬದ್ಧವೇ ಇರಬಹುದು, ನ್ಯಾಯವಲ್ಲ. ಗುತ್ತಿಗೆಯಲ್ಲೇ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದ ಮೇಲೆ ಜಮೀನಿನ ಒಡೆತನವನ್ನೂ ಬಿಟ್ಟುಕೊಡುವುದರಿಂದ ಸಾರ್ವಜನಿಕರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಮೂರೂ ಪಕ್ಷಗಳು ಉತ್ತರ ಕೊಟ್ಟಿಲ್ಲ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವಾಟ್. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಕಟ್ಟಿದ ಕಂಪನಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ರೈತರಿಂದ ಜಮೀನನ್ನು ಕೊಳ್ಳಲಿಲ್ಲ, ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ರಸ್ತೆ, ಸಬ್‌ಸ್ಟೇಷನ್ ಸಜ್ಜುಗೊಳಿಸಿ ವಿದ್ಯುತ್ ಕಂಪನಿಗಳಿಗೆ ಕೊಟ್ಟಿತು. ಮಳೆ ಕೈಕೊಟ್ಟರೆ ಶೇಂಗಾ ಬೀಜದ ಖರ್ಚೂ ಹುಟ್ಟದಿದ್ದ ಸೀಮೆಯಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಖಾತರಿಯಾಯಿತು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಇಷ್ಟು ದೊಡ್ಡ ಯೋಜನೆಗೆ ಬಲವಂತದ ಸ್ವಾಧೀನ ಬೇಕಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಹಾಗೆಂದು ಪಾವಗಡವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಬಾಡಿಗೆ ಏರುವುದು ಎರಡು ವರ್ಷಕ್ಕೆ ಶೇ 5 ಮಾತ್ರ. 21,000 ರೂಪಾಯಿ ಹತ್ತು ವರ್ಷ ಕಳೆದ ಮೇಲೆ 26,800 ಆಗುತ್ತದೆ; ಸಂತೆಯಲ್ಲಿ ಬೇಳೆಯ ಬೆಲೆ ಏರುವ ವೇಗಕ್ಕೆ ಇದು ಸಾಟಿಯಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಭೂಹೀನರದ್ದು. ಹತ್ತಾರು ಎಕರೆ ಇದ್ದವನಿಗೆ ಲಕ್ಷಗಳು ಬಂದವು, ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಕೂಲಿ ತಪ್ಪಿತು. ಕುರಿಗಾಹಿಗಳಿಗೆ ಬೀಳು ಹೊಲಗಳ ಮೇವು ಬೇಲಿಯಾಚೆಗೆ ಸರಿಯಿತು. ಫಲಕ ತೊಳೆಯುವ, ಹುಲ್ಲು ಸವರುವ, ಕಾವಲು ಕಾಯುವ ಗುತ್ತಿಗೆ ಕೆಲಸಗಳು ಕೆಲವರಿಗಷ್ಟೇ ಸಿಕ್ಕವು. ಯಾರ ಹೆಸರಿನಲ್ಲಿ ಪಹಣಿಯಿದೆಯೋ ಅವರನ್ನಷ್ಟೇ ಪಾಲುದಾರರೆಂದು ಎಣಿಸುವ ಒಪ್ಪಂದ ಹಳ್ಳಿಯ ಅರ್ಧವನ್ನು ಹೊರಗಿಡುತ್ತದೆ.

ಸೌರ ಫಲಕ ಕಿತ್ತೊಯ್ಯಬಹುದು, ಕಾರ್ಖಾನೆ ಹಾಗಲ್ಲ; ಗುತ್ತಿಗೆ ಜಮೀನಿಗೆ ಬ್ಯಾಂಕ್ ಸಾಲ ಕೊಡದು ಎಂಬ ಆಕ್ಷೇಪ ಉದ್ಯಮಿಗಳದ್ದು. ಮೊದಲ ಮಾತು ನಿಜ, ಎರಡನೆಯದು ಅಲ್ಲ. ಕೆಐಎಡಿಬಿ ಗುತ್ತಿಗೆಯ ನಿವೇಶನಗಳ ಮೇಲೆಯೇ ಎಷ್ಟೋ ಕಾರ್ಖಾನೆಗಳು ಸಾಲ ಪಡೆದು ನಿಂತಿವೆ. ಹಿಂದಿರುಗಿಸಲಾಗದಷ್ಟು ಬದಲಾಗುವ ಜಮೀನಿಗೆ ಬಾಡಿಗೆಯ ಬದಲು ಷೇರು ಕೊಡಬಹುದು. ಪುಣೆಯ ಮಗರ್‌ಪಟ್ಟಾದಲ್ಲಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿ, ಜಮೀನಿನ ಪ್ರಮಾಣಕ್ಕೆ ತಕ್ಕಂತೆ ಷೇರು ಹಂಚಿಕೊಂಡರು. ಅಲ್ಲಿ ಈಗ ಐಟಿ ಕಂಪನಿಗಳ ಕಟ್ಟಡಗಳಿವೆ. ಪುಣೆಯ ಅಂಚಿನ ಜಮೀನಿನ ಬೆಲೆ ಪಾವಗಡದಲ್ಲಿಲ್ಲ ಎಂಬುದು ಸರಿ, ಆದರೆ ದೇವನಹಳ್ಳಿಯಲ್ಲಿದೆ.

ಸರ್ಕಾರ ಮತ್ತು ಉದ್ಯಮ ಕೈಜೋಡಿಸುವುದನ್ನು ಯಾರೂ ಬೇಡವೆನ್ನುತ್ತಿಲ್ಲ. ಜಮೀನಿನ ದಲ್ಲಾಳಿಯಾಗಿ ಸರ್ಕಾರ ಮಧ್ಯೆ ನಿಲ್ಲುವುದು ನಿಲ್ಲಬೇಕು. 1966ರ ಕಾಯ್ದೆಗೆ ಒಪ್ಪಿಗೆಯ ಷರತ್ತು ಸೇರಲಿ, ಬಳಸದ ಜಮೀನು ಮರಳಲಿ, 'ಲೀಸ್ ಕಮ್ ಸೇಲ್' ಬರೀ ಲೀಸ್ ಆಗಲಿ. ಬೆಲೆ ಏರಿಕೆಗೆ ತಕ್ಕ ಬಾಡಿಗೆಯ ಜೊತೆಗೆ, ಯೋಜನೆಯ ಆದಾಯದಲ್ಲಿ ಆ ಊರಿನ ಕೂಲಿಕಾರರಿಗೂ ಕುರಿಗಾಹಿಗಳಿಗೂ ಒಂದು ಪಾಲು ಕಾನೂನಿನಲ್ಲೇ ನಮೂದಾಗಲಿ. ಇದಕ್ಕೆ ದೆಹಲಿಯ ಕಡೆ ಬೊಟ್ಟು ಮಾಡುವಂತಿಲ್ಲ. ಅದು ರಾಜ್ಯದ ಕಾಯ್ದೆ, ತಿದ್ದುಪಡಿ ಮಸೂದೆ ತರಬೇಕಾದದ್ದು ವಿಧಾನಸೌಧದಲ್ಲೇ.