ಕರ್ಣನನ್ನು ಉಳಿಸುವ ಗುಂಡಿ

2017ರ ಜೂನ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ಮಕ್ಕಳಿಗಾಗಿ 'ಪುಸ್ ಇನ್ ಬುಕ್' ಎಂಬ ಅನಿಮೇಷನ್ ಚಿತ್ರವನ್ನು ಬಿಡುಗಡೆ ಮಾಡಿತು. ಬೂಟು ತೊಟ್ಟ ಬೆಕ್ಕೊಂದು ಕಥೆಪುಸ್ತಕದೊಳಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಏನಾಗಬೇಕೆಂಬುದನ್ನು ನೋಡುತ್ತಿರುವ ಮಗುವೇ ಗುಂಡಿ ಒತ್ತಿ ನಿರ್ಧರಿಸುತ್ತದೆ. ಮರುವರ್ಷದ ಡಿಸೆಂಬರಿನಲ್ಲಿ ಇದೇ ಉಪಾಯವನ್ನು ನಟರ ಅಭಿನಯಕ್ಕೆ ಅಳವಡಿಸಿ, ದೊಡ್ಡವರಿಗಾಗಿ 'ಬ್ಯಾಂಡರ್‌ಸ್ನ್ಯಾಚ್' ಬಂದಿತು. 2024ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ ಇಂಥ ಬಹುಪಾಲು ಚಿತ್ರಗಳನ್ನು ತೆಗೆದುಹಾಕಿತು. 2025ರ ಮೇ ತಿಂಗಳಲ್ಲಿ 'ಬ್ಯಾಂಡರ್‌ಸ್ನ್ಯಾಚ್' ಕೂಡ ಕಣ್ಮರೆಯಾಯಿತು. ಪ್ರಯೋಗಕ್ಕೆ ಎಂಟು ವರ್ಷವೂ ತುಂಬಿರಲಿಲ್ಲ.

ಇದರ ಹಿಂದಿನ ವ್ಯಾಪಾರದ ಲೆಕ್ಕಾಚಾರ ಅವರಿಗೇ ಇರಲಿ. ತೊಡಕು ಆ ಕಲೆಯ ಒಳಗೇ ಇದೆಯೆಂಬುದು ನನ್ನ ಅಭಿಪ್ರಾಯ. ಕಥೆಯೊಂದರಲ್ಲಿ ಹತ್ತು ಕಡೆ ಎರಡೆರಡು ದಾರಿಗಳನ್ನು ತೆರೆದು, ಯಾವುದನ್ನೂ ಮತ್ತೆ ಕೂಡಿಸದೆ ಹೋದರೆ ಒಟ್ಟು 1,024 ಮುಕ್ತಾಯಗಳಾಗುತ್ತವೆ. ಅನಿಮೇಷನ್ನಿನಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಬೇಕು. ಅಷ್ಟು ಕೊಂಬೆಗಳನ್ನು ಬರೆದು ಮುಗಿಸುವವರು ಯಾರು? ಆದ್ದರಿಂದ ಕವಲೊಡೆದ ದಾರಿಗಳನ್ನು ನಾಲ್ಕು ಹೆಜ್ಜೆ ಆಚೆಗೆ ಸದ್ದಿಲ್ಲದೆ ಮತ್ತೆ ಒಂದುಗೂಡಿಸುತ್ತಾರೆ. ನಾವು ಎಡಕ್ಕೆ ಹೋದೆವೆಂದು ಬೀಗುತ್ತೇವೆ; ಬಲಕ್ಕೆ ಹೋದವನೂ ಅದೇ ಸೇತುವೆಯ ಬಳಿ ನಮಗಾಗಿ ಕಾಯುತ್ತಿರುತ್ತಾನೆ. 1983ರಲ್ಲಿ ಡಿಸ್ನಿಯ ಹಳೆಯ ಚಿತ್ರಕಾರ ಡಾನ್ ಬ್ಲೂತ್ 'ಡ್ರ್ಯಾಗನ್ಸ್ ಲೇರ್' ಎಂಬ ಆಟಕ್ಕೆ ಕೈಯಿಂದಲೇ ಚಿತ್ರ ಬಿಡಿಸಿದಾಗಲೂ ಹೀಗೆಯೇ ಇತ್ತು. ನೋಟ ಅಪೂರ್ವ, ಆಟಗಾರನಿಗೆ ಉಳಿದದ್ದು ಸರಿಯಾದ ಕ್ಷಣದಲ್ಲಿ ಸರಿಯಾದ ದಿಕ್ಕಿಗೆ ಕೋಲು ತಿರುಗಿಸುವುದು, ಇಲ್ಲವೇ ಸಾಯುವುದು. ಆ ಸಾವನ್ನೂ ಮೊದಲೇ ಬಿಡಿಸಿಟ್ಟಿದ್ದರು.

ಇದರ ಪಕ್ಕಕ್ಕೆ ನಮ್ಮ ತಾಳಮದ್ದಳೆಯನ್ನಿಟ್ಟು ನೋಡಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. 'ಕರ್ಣಾರ್ಜುನ ಕಾಳಗ'ದ ಕೊನೆ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಕರ್ಣ ಸಾಯಲೇಬೇಕು, ಅವನನ್ನು ಉಳಿಸುವ ಗುಂಡಿ ಯಾರ ಕೈಯಲ್ಲೂ ಇಲ್ಲ. ಆದರೆ ಅವನು ಶಲ್ಯನಿಗೆ ಏನೆನ್ನುತ್ತಾನೆ, ಆ ಮಾತಿಗೆ ಶಲ್ಯ ಹೇಗೆ ಕೊಂಕು ತೆಗೆಯುತ್ತಾನೆ ಎಂಬುದು ಆ ರಾತ್ರಿಯ ಎದುರಾಳಿಯನ್ನೂ ಸಭೆಯನ್ನೂ ನೋಡಿಕೊಂಡೇ ಹುಟ್ಟುತ್ತದೆ. ಅಲ್ಲಿ ಕೊನೆ ಸ್ಥಿರ, ಪ್ರತಿ ಮಾತೂ ಹೊಸದು. ಗುಂಡಿಯ ಚಿತ್ರದಲ್ಲಿ ಕೊನೆ ಬದಲಾಗುತ್ತದೆ, ಪ್ರತಿ ಮಾತೂ ಹಿಂದೆಂದೋ ಮುದ್ರಿತವಾದದ್ದು. ಸ್ಪಂದನವೆಂಬುದು ಇವೆರಡರಲ್ಲಿ ಎಲ್ಲಿದೆ?

ತಂತ್ರಜ್ಞಾನವನ್ನು ಜರೆಯಲು ಇದನ್ನು ಹೇಳುತ್ತಿಲ್ಲ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟವನ್ನೇ ನೋಡಿ. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿದರೆ ಮಾರಿಯೋ ಎತ್ತರಕ್ಕೆ ಹಾರುತ್ತಾನೆ, ತಟ್ಟನೆ ಬಿಟ್ಟರೆ ತಗ್ಗಿನಲ್ಲೇ ಇಳಿಯುತ್ತಾನೆ. ಗುಂಡಿಗಳು, ಗೋಡೆಗಳು, ಶತ್ರುಗಳು ಎಲ್ಲ ಆಟಗಾರರಿಗೂ ಒಂದೇ. ಜಿಗಿತ ಮಾತ್ರ ಅವರವರ ಹೆಬ್ಬೆರಳಿನದು. ಒಳ್ಳೆಯ ವಿಡಿಯೋ ಗೇಮಿನ ಈ ಗುಣ ತಾಳಮದ್ದಳೆಗೆ ಹತ್ತಿರದ್ದು. 'ನಿಮ್ಮ ಕಥೆ, ನಿಮ್ಮ ಆಯ್ಕೆ' ಎಂದು ಕೂಗುವ ಚಿತ್ರಕ್ಕಿಂತ ಆ ಪುಟ್ಟ ಜಿಗಿತದಲ್ಲಿ ಹೆಚ್ಚಿನ ಸ್ವಾತಂತ್ರ್ಯವಿದೆ.

ಇನ್ನು ನಮ್ಮ ಮುಖವನ್ನೇ ಗೊಂಬೆಗೆ ಅಂಟಿಸುವ ವಿಡಿಯೋಗಳು. 2006ರಲ್ಲಿ ಅಮೆರಿಕದಲ್ಲಿ 'ಎಲ್ಫ್ ಯುವರ್‌ಸೆಲ್ಫ್' ಎಂಬ ಕ್ರಿಸ್‌ಮಸ್ ತಮಾಷೆ ಬಂದಾಗ ಜನ ತಮ್ಮ ಭಾವಚಿತ್ರವನ್ನು ಕುಣಿಯುವ ಕುಳ್ಳನ ತಲೆಗೆ ಜೋಡಿಸಿ ನಕ್ಕರು. ಅದು ನಗೆಯಾಗಿರುವವರೆಗೆ ಚೆಂದ. ಮಗುವಿನ ಪ್ರತಿ ಕಥೆಯ ನಾಯಕನೂ ಆ ಮಗುವೇ ಆಗಿ, ಅದರದೇ ಹೆಸರಿನಿಂದ ಕರೆಸಿಕೊಂಡು, ಗೆದ್ದೇ ತೀರುವಾಗ ನನಗೆ ಕಸಿವಿಸಿಯಾಗುತ್ತದೆ. ಕಥೆ ಕೇಳುವುದರ ದೊಡ್ಡ ಲಾಭವೆಂದರೆ ಅಷ್ಟು ಹೊತ್ತು ನಾವು ನಾವಲ್ಲದೆ ಇರುವುದು. ಹದಿನೆಂಟನೆಯ ಶತಮಾನದಲ್ಲಿ ಲಾರೆನ್ಸ್ ಸ್ಟರ್ನ್ 'ಟ್ರಿಸ್ಟ್ರಮ್ ಶ್ಯಾಂಡಿ' ಕಾದಂಬರಿಯಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟು, ವಿಧವೆ ವಾಡ್ಮನ್ನಳ ಚಿತ್ರವನ್ನು ನಿಮ್ಮ ಮನಸ್ಸಿಗೆ ತೋಚಿದಂತೆ ಬರೆದುಕೊಳ್ಳಿ ಎಂದು ಓದುಗನಿಗೆ ಸೂಚಿಸಿದ. ಆ ಕಿಡಿಗೇಡಿ ಪಾದ್ರಿ ಅಲ್ಲಿಯೂ ನಿನ್ನ ಮುಖ ಬರೆದುಕೋ ಎನ್ನಲಿಲ್ಲ.

ಚಿತ್ರ ಬಿಡಿಸುವ ಖರ್ಚೇ ಇದುವರೆಗೆ ಈ ಹುಚ್ಚಿಗೆ ಲಗಾಮಾಗಿತ್ತು. ಈಗ ಕೃತಕ ಬುದ್ಧಿಮತ್ತೆ ಕೇಳಿದ ಚಿತ್ರವನ್ನು ಕೆಲವೇ ನಿಮಿಷಗಳಲ್ಲಿ ಕುಣಿಸಿ ಕೊಡುತ್ತಿದೆ. 1,024 ಕೊಂಬೆಗಳೂ ಅದಕ್ಕೆ ಭಾರವಾಗಲಾರವು. ಕರ್ಣನ ಸಾವು ಬೇಡವೆಂದು ಅತ್ತ ಮಗುವಿಗೆ ಬದುಕಿದ ಕರ್ಣ ಸಿಗುತ್ತಾನೆ. ಪಕ್ಕದ ಮನೆಯ ಮಗುವಿಗೆ ಬೇರೊಬ್ಬ ಕರ್ಣ, ಬಹುಶಃ ಆ ಮಗುವಿನದೇ ಮುಖ ಹೊತ್ತವನು. ಮುಂಬಯಿಯ ಸಭಾಂಗಣಗಳಲ್ಲಿ ತಾಳಮದ್ದಳೆ ಮುಗಿದು ಚಪ್ಪಲಿ ಹುಡುಕುವಾಗ, ಇವತ್ತಿನ ಕರ್ಣ ಶಲ್ಯನನ್ನು ಹಾಗೆ ಸುಮ್ಮನೆ ಬಿಡಬಾರದಿತ್ತು ಎಂದು ಅಪರಿಚಿತರು ಪರಸ್ಪರ ವಾದಿಸುವುದುಂಟು. ಇಬ್ಬರೂ ಒಂದೇ ಕರ್ಣನನ್ನು ಕಂಡಿರುವುದರಿಂದ ಆ ಜಗಳ ಸಾಧ್ಯವಾಗುತ್ತದೆ. ತಮತಮಗೆ ಬೇಕಾದ ಕರ್ಣನನ್ನು ಪಡೆದ ಆ ಎರಡು ಮಕ್ಕಳು ಮರುದಿನ ಶಾಲೆಯ ಬಸ್ಸಿನಲ್ಲಿ ಯಾವ ಕರ್ಣನ ಬಗ್ಗೆ ಜಗಳವಾಡಿಯಾರು?